ಪಾಳಿ ಬದಲಾಗುವ ಹೊತ್ತು

ತುಮಕೂರು

ಪುಟ್ಟಿ,

ನಿನ್ನ ಮನೆ ಶುಶ್ರೂಷೆ ಏಜೆನ್ಸಿಯ ಸಾಫ್ಟ್‌ವೇರಿಗೆಂದು ನೀನು ಕಳಿಸಿದ ಮೂರು ಕಂಪನಿಗಳ ಕೊಟೇಶನ್ನನ್ನೂ ಅವರ ಬಣ್ಣದ ಬ್ರೋಷರುಗಳನ್ನೂ ಪ್ರಿಂಟ್ ತೆಗೆಸಿಕೊಂಡು ಓದಿದೆ. ಅಷ್ಟಕ್ಕೆ ಕಾಗದ ಯಾಕೆ, ಫೋನಿನಲ್ಲೇ ಹೇಳಬಾರದೇ ಅಂದರು ನಿನ್ನ ಭಾವ. ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ ಅಕ್ಕ, ಹೂಂ ಅಕ್ಕ" ಅನ್ನುತ್ತೀಯ. ಅಷ್ಟರಲ್ಲಿ ಕಗ್ಗದಾಸಪುರದ ಯಾವುದೋ ಮನೆಯಿಂದ ಅಟೆಂಡರ್ ಇನ್ನೂ ಬಂದಿಲ್ಲ ಅಂತ ಕರೆ ಬರುತ್ತದೆ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಇದನ್ನಾದರೆ ಮೆಟ್ರೋದಲ್ಲಿ ಕೂತು ನಿಧಾನವಾಗಿ ಓದಬಹುದು.

ಮೂರರಲ್ಲಿ ಯಾವುದೂ ಮೋಸದ್ದಲ್ಲ. ಆದರೆ ಮೂರನ್ನೂ ಬಯ್ಯಪ್ಪನಹಳ್ಳಿಯ ನಿನ್ನ ಆಫೀಸಿನ ಕುರ್ಚಿಯಲ್ಲಿ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ಎಷ್ಟು ಪೇಷಂಟು, ಎಷ್ಟು ಬಾಕಿ, ಯಾವ ಸಿಸ್ಟರ್ ಎಲ್ಲಿದ್ದಾಳೆ ಎಂದು ನಕಾಶೆಯ ಮೇಲೆ ಓಡಾಡುವ ಹಸಿರು ಚುಕ್ಕಿಗಳು. ನೋಡಲು ಚೆಂದ. ನಿನ್ನ ಏಜೆನ್ಸಿ ಉಳಿಯುವುದೋ ಮುಳುಗುವುದೋ ತೀರ್ಮಾನವಾಗುವುದು ಮಾತ್ರ ಬೇರೆ ಕಡೆ. ರಾತ್ರಿ ಎಂಟಕ್ಕೆ ಹಗಲಿನ ಸಿಸ್ಟರ್ ಚಪ್ಪಲಿ ಮೆಟ್ಟಿಕೊಳ್ಳುತ್ತಿರುತ್ತಾಳೆ, ರಾತ್ರಿಯವಳು ಬಿಡುತ್ತಿರುತ್ತಾಳೆ. ಆ ಬಾಗಿಲಲ್ಲಿ ನಡೆಯುವ ಐದು ಹತ್ತು ನಿಮಿಷದ ಹ್ಯಾಂಡೋವರ್, ಅದೇ ನಿನ್ನ ಇಡೀ ವ್ಯವಹಾರ.

ಆಸ್ಪತ್ರೆಯಲ್ಲಿ ಹ್ಯಾಂಡೋವರ್ ಸರಿಯಾಗಿ ಆಗದಿದ್ದರೂ ಹೇಗೋ ನಡೆಯುತ್ತದೆ. ಇನ್‌ಚಾರ್ಜ್ ಸಿಸ್ಟರ್ ಇರುತ್ತಾರೆ, ಡ್ಯೂಟಿ ಡಾಕ್ಟರ್ ಇರುತ್ತಾರೆ, ಪಕ್ಕದ ಬೆಡ್ಡಿನ ಸಿಸ್ಟರನ್ನಾದರೂ ಕೇಳಬಹುದು. ಮನೆಯಲ್ಲಿ ಯಾರಿದ್ದಾರೆ? ನಿದ್ದೆಗೆಟ್ಟ ಮಗಳೋ ಎಪ್ಪತ್ತೈದು ದಾಟಿದ ಹೆಂಡತಿಯೋ. ಅಜ್ಜ ಮಧ್ಯಾಹ್ನ ಊಟ ಮಾಡಲಿಲ್ಲ, ಅದಕ್ಕೆ ಇನ್ಸುಲಿನ್ ತಡೆಹಿಡಿದೆ ಎಂಬ ಒಂದು ಮಾತು ಬಾಯಿಂದ ಬಾಯಿಗೆ ಹೋಗದಿದ್ದರೆ ಏನಾಗುತ್ತದೆ ಎಂದು ನಾನು ನಿನಗೆ ಹೇಳಬೇಕಿಲ್ಲ. ಜಿಎನ್‌ಎಂ ನರ್ಸಿಂಗ್ ಓದಿದವಳು ನೀನು; ನಾನು ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಫೈಲು ಜೋಡಿಸಿ ರಿಟೈರ್ ಆದವಳು. ಫೈಲು ನೋಡಿ ನೋಡಿ ನನಗೆ ಗೊತ್ತಾಗಿರುವುದು ಇಷ್ಟು: ಎಡವಟ್ಟುಗಳು ಪಾಳಿಯ ನಡುವೆ ಆಗುವುದಕ್ಕಿಂತ ಪಾಳಿಗಳ ಸಂದಿನಲ್ಲಿ ಆಗುವುದೇ ಹೆಚ್ಚು.

ಹಾಗಾಗಿ ಡೆಮೋ ತೋರಿಸಲು ಬರುವ ಹುಡುಗನಿಗೆ ಮೊದಲೇ ಹೇಳಿಬಿಡು, ಡ್ಯಾಶ್‌ಬೋರ್ಡ್ ಆಮೇಲೆ ನೋಡೋಣಪ್ಪ ಅಂತ. ಅವನ ಕೈಗೆ ನಿನ್ನ ಹುಡುಗಿಯರು ಬಳಸುವಂಥ, ಗಾಜು ಒಡೆದ, ಸ್ಟೋರೇಜ್ ತುಂಬಿದ ಫೋನು ಕೊಡು. ಜೊತೆಗೊಂದು ಸನ್ನಿವೇಶ ಹೇಳು: ಹೊಸ ಪೇಷಂಟ್, ರಾತ್ರಿ ಪಾಳಿಯ ಮೊದಲ ದಿನ. ಗಂಟಲಲ್ಲಿ ಟ್ರೇಕಿಯಾಸ್ಟಮಿ, ಮೂಗಿನಲ್ಲಿ ರೈಲ್ಸ್ ಟ್ಯೂಬ್, ಕ್ಯಾಥೆಟರ್ ಇದೆ, ಸೊಂಟದ ಹಿಂದೆ ಬೆಡ್‌ಸೋರ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೊನೆಯ ಸಕ್ಷನ್ ಯಾವಾಗ, ಕೊನೆಯ ಫೀಡ್ ಎಷ್ಟು, ಕ್ಯಾಥೆಟರ್ ಹಾಕಿದ ತಾರೀಕು ಯಾವುದು, ಯಾವ ಔಷಧಿ ತಡೆಹಿಡಿದಿದ್ದಾರೆ, ಯಾಕೆ ಎಂಬುದೆಲ್ಲ ಒಂದೇ ಪರದೆಯಲ್ಲಿ ಕಾಣಬೇಕು. ಏಳು ಸಲ ಬೆರಳೊತ್ತಿ ಒಳಗೆ ಹೋಗಬೇಕಾದರೆ ಆ ಸಾಫ್ಟ್‌ವೇರ್ ಬೇಡ. ಆಮೇಲೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿಸಿ ಬಿಪಿ, ಪಲ್ಸ್ ಬರೆಯಲು ಹೇಳು. ಇಂದಿರಾನಗರದ ಅಪಾರ್ಟ್‌ಮೆಂಟುಗಳ ಒಳಕೋಣೆಗಳಲ್ಲಿ ನೆಟ್‌ವರ್ಕ್ ಹೇಗೆ ಸಾಯುತ್ತದೆಂದು ನಿನಗೇ ಗೊತ್ತು. ನೆಟ್ ಬಂದ ಮೇಲೆ ಆ ಬರಹ ತಾನಾಗಿ ಸೇರಿಕೊಳ್ಳಬೇಕು. ಸೇರುವಾಗ ಬರೆದ ಹೊತ್ತು ಬೇರೆ, ಕೆಲಸ ನಡೆದ ಹೊತ್ತು ಬೇರೆ ಎಂದು ಎರಡನ್ನೂ ಇಟ್ಟುಕೊಳ್ಳಬೇಕು. ಬರೆದದ್ದನ್ನು ತಿದ್ದಿದರೆ ಹಳೆಯದೂ ಕಾಣುತ್ತಿರಬೇಕು. ನಮ್ಮ ಕಾಲದಲ್ಲಿ ಚಾರ್ಟಿನ ಮೇಲೆ ವೈಟ್‌ನರ್ ಬಳಿಯಲು ಬಿಡುತ್ತಿರಲಿಲ್ಲ. ಒಂದು ಗೆರೆ ಹೊಡೆದು ಪಕ್ಕದಲ್ಲಿ ಸಹಿ. ಕಂಪ್ಯೂಟರ್ ಬಂದ ಮಾತ್ರಕ್ಕೆ ಆ ಶಿಸ್ತು ಸಡಿಲವಾಗಬಾರದು.

ಆ ದುಬಾರಿ ಕೊಟೇಶನ್ ಇದೆಯಲ್ಲ, ಅಮೆರಿಕದಲ್ಲಿ ಸಾವಿರಾರು ಏಜೆನ್ಸಿ ಬಳಸುತ್ತವೆ ಎಂದು ಹೆಮ್ಮೆಯಿಂದ ಬರೆದುಕೊಂಡಿರುವುದು, ಅದರ ವಿಷಯ ಹೇಳುತ್ತೇನೆ. ಅಲ್ಲಿ ಮನೆ ಶುಶ್ರೂಷೆಯ ಬಿಲ್ಲಿನ ದೊಡ್ಡ ಪಾಲು ಕಟ್ಟುವುದು ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳು. ದುಡ್ಡು ಕೊಡುವವರು ಲೆಕ್ಕ ಕೇಳುತ್ತಾರೆ. 2016ರ ಕೊನೆಯಲ್ಲಿ ಬಂದ ಒಂದು ಕಾನೂನಿನ ಪ್ರಕಾರ ಮೆಡಿಕೇಡ್ ದುಡ್ಡಿನ ಮನೆಭೇಟಿಗೆ ಆರು ವಿವರ ಎಲೆಕ್ಟ್ರಾನಿಕ್ ಆಗಿ ದಾಖಲಾಗಬೇಕು: ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಯಾವ ಜಾಗದಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ಅದನ್ನೇ ಇಲ್ಲಿಯ ಮಾರಾಟದವರು "ಇವಿವಿ" ಎಂದು ಬ್ರೋಷರಿನ ತಲೆಯ ಮೇಲೆ ಹಾಕಿಕೊಂಡಿದ್ದಾರೆ. ಇದಲ್ಲದೆ ಮೆಡಿಕೇರ್‌ಗೆ "ಓಯಸಿಸ್" ಎಂಬ ಉದ್ದನೆಯ ಮೌಲ್ಯಮಾಪನ ಪಟ್ಟಿ ತುಂಬಬೇಕು, 2020ರಿಂದ 30 ದಿನಕ್ಕೊಂದು ಅವಧಿಯೆಂದು ಹಣ ಲೆಕ್ಕ ಹಾಕುತ್ತಾರೆ. ಆ ಸಾಫ್ಟ್‌ವೇರಿನ ಅರ್ಧ ಹೊಟ್ಟೆ ತುಂಬಿರುವುದು ಇದೇ. ನಿನಗೆ ದುಡ್ಡು ಕೊಡುವವರು ಯಾರು? ಹಲಸೂರಿನ ಮಗ, ನ್ಯೂಜೆರ್ಸಿಯ ಮಗಳು, ಅವರ ಫೋನ್‌ಪೇ. ವಿಮೆಯವರು ಮನೆ ಚಿಕಿತ್ಸೆಗೆ ಕೈಬಿಚ್ಚುವುದು ಇನ್ನೂ ಅಪರೂಪ. 2020ರ ಜುಲೈನ ಕೊರೋನಾ ಕವಚ್ ಪಾಲಿಸಿ 14 ದಿನದ ಮನೆ ಆರೈಕೆಗೆ ಒಪ್ಪಿದ್ದೇ ದೊಡ್ಡ ಸುದ್ದಿಯಾಗಿತ್ತು. ಸಿಸ್ಟರ್ ಹೆಸರು, ನೋಂದಣಿ ಸಂಖ್ಯೆ, ದಿನ, ಪಾಳಿ ಇರುವ ಅಚ್ಚುಕಟ್ಟಾದ ರಸೀದಿ ಬರುವಂತಿದ್ದರೆ ನಿನಗೆ ಸಾಕು. ಉಳಿದ ಲೆಕ್ಕಕ್ಕೆ ಟ್ಯಾಲಿ ಇದೆ, ಅದನ್ನು ನೋಡಿಕೊಳ್ಳುವ ಹುಡುಗನೂ ಇದ್ದಾನೆ. ಬಿಲ್ಲಿಂಗ್ ನೋಡಿ ಮರುಳಾಗಬೇಡ.

ಹಸಿರು ಚುಕ್ಕಿಗಳ ಬಗ್ಗೆ ಇನ್ನೊಂದು ಮಾತು. ಡ್ಯೂಟಿಗೆ ಹಾಜರಾದದ್ದು ಗೊತ್ತಾಗಬೇಕು, ಸರಿ. ಡ್ಯೂಟಿ ಮುಗಿಸಿ ಅವಳು ಶಿವಾಜಿನಗರಕ್ಕೆ ಬಟ್ಟೆ ಕೊಳ್ಳಲು ಹೋದದ್ದು ನಿನಗೆ ಯಾಕೆ? ಪಾಳಿ ಮುಗಿದ ಕೂಡಲೇ ಲೊಕೇಶನ್ ತಾನಾಗಿ ನಿಲ್ಲಬೇಕು. ನಿಲ್ಲುವುದಿಲ್ಲ ಎಂದರೆ ಅದೊಂದಕ್ಕೇ ಆ ಕಂಪನಿಯನ್ನು ಬಿಡು.

ಹತ್ತಿರದ ನರ್ಸನ್ನು ತಾನೇ ಹುಡುಕಿಕೊಡುತ್ತೇನೆ ಎನ್ನುವ ಸೌಲಭ್ಯಕ್ಕೂ ನನಗೆ ನಗು ಬಂತು. ಅದು ಪಿನ್‌ಕೋಡ್ ನೋಡುತ್ತದೆ, ನಕಾಶೆಯ ಮೇಲೆ ಗೆರೆ ಎಳೆಯುತ್ತದೆ. ನಿಮ್ಮ ಕಡೆ ಗೆರೆ ಎಳೆದರೆ ನಡುವೆ ರೈಲು ಹಳಿ, ಮೆಟ್ರೋ ಡಿಪೋ, ಎನ್‌ಜಿಇಎಫ್‌ನ ಕಾರ್ಖಾನೆಯ ಹಳೆಯ ಗೋಡೆ. ಮೆಟ್ರೋ ನಿಲ್ದಾಣದಿಂದ ವಿಶ್ವೇಶ್ವರಯ್ಯ ರೈಲು ಟರ್ಮಿನಲ್ ಎಷ್ಟು ಹತ್ತಿರವೆಂದು ಫೋನು ಹೇಳುತ್ತದೆ, ನಿಜವಾದ ದೂರವನ್ನು ಲಗೇಜು ಹಿಡಿದು ಆಟೋದವನ ಹತ್ತಿರ ಚೌಕಾಸಿಗೆ ನಿಂತವರನ್ನು ಕೇಳಬೇಕು. ನಿನ್ನ ಊರಿನ ದೂರವನ್ನು ಮೆಟ್ರೋ ಅಳೆಯುತ್ತದೆ. 2011ರ ಅಕ್ಟೋಬರ್ 20ರಂದು ಮೊದಲ ರೈಲು ಬಯ್ಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟಾಗ ಅಲ್ಲಿಂದಾಚೆಗೆ ಬಸ್ಸೇ ಗತಿ. ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ಓಡಾಟ ಶುರುವಾದದ್ದು 2023ರ ಮಾರ್ಚಿನಲ್ಲಿ, ಕೆ.ಆರ್. ಪುರಕ್ಕೂ ನಿಮಗೂ ನಡುವಿನ ಸಣ್ಣ ತುಂಡು ಸೇರಿದ್ದು ಅದೇ ವರ್ಷ ಅಕ್ಟೋಬರ್ 9ರಂದು. ಈಗ ಕಾಡುಗೋಡಿಯ ಸಿಸ್ಟರ್ ಹಲಸೂರಿಗೆ ಒಂದೇ ರೈಲಿನಲ್ಲಿ ಬರುತ್ತಾಳೆ. ಹಳಿಯ ಆಚೆಯ ಜೀವನಹಳ್ಳಿಯವಳಿಗಿಂತ ಬೇಗ ತಲುಪಿದರೂ ಆಶ್ಚರ್ಯವಿಲ್ಲ. ಆದ್ದರಿಂದ ನಿಲ್ದಾಣಗಳನ್ನು ಹಿಡಿದು ವಲಯಗಳನ್ನು ನೀನೇ ಮಾಡಿಕೊಳ್ಳಲು ಬಿಡುವ ಸಾಫ್ಟ್‌ವೇರ್ ಬೇಕು. ತಾನೇ ಜಾಣ ಎನ್ನುವಂಥದ್ದು ಬೇಡ.

ರಜೆಯ ಕ್ಯಾಲೆಂಡರೂ ಹಾಗೆಯೇ. ಅವರು ತೋರಿಸಿದ್ದರಲ್ಲಿ ಯುಗಾದಿ, ದಸರಾ, ದೀಪಾವಳಿ ಇವೆ. ನಿನ್ನ ಅಟೆಂಡರುಗಳಲ್ಲಿ ಎಷ್ಟೊಂದು ಜನ ಅಸ್ಸಾಂ, ಒಡಿಶಾ, ಬಂಗಾಳದವರು. 2022ರ ಜೂನಿನಿಂದ ಆ ಕಡೆಯ ರೈಲುಗಳು ಒಂದೊಂದಾಗಿ ನಿನ್ನ ಆಫೀಸಿನ ಬೆನ್ನಿಗಿರುವ ಆ ಟರ್ಮಿನಲ್ಲಿಗೇ ಬಂದು ನಿಂತಿವೆ. ಏಪ್ರಿಲ್ ನಡುವಿನಲ್ಲಿ ಬಿಹು, ದುರ್ಗಾಪೂಜೆ, ಛತ್, ಕ್ರಿಸ್‌ಮಸ್‌ಗೆ ಕೇರಳದ ಸಿಸ್ಟರುಗಳು. ಯಾರು ಯಾವ ರೈಲಿಗೆ ಹೊರಡುತ್ತಾರೆ, ಅವರ ಜಾಗಕ್ಕೆ ಯಾರು ಎಂದು ಎರಡು ತಿಂಗಳ ಮೊದಲೇ ಹಾಕಿಡುವಂತಿರಬೇಕು.

ಇನ್ನೊಂದು ಬೀಗ ಖಂಡಿತ ಬೇಕು. ಜಿಎನ್‌ಎಂ, ಬಿ.ಎಸ್ಸಿ. ಸಿಸ್ಟರ್ ಬೇರೆ, ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್) ಅಟೆಂಡರ್ ಬೇರೆ. ಇಂಜೆಕ್ಷನ್ ಇರುವ ಪೇಷಂಟಿಗೆ ಅವಸರದಲ್ಲಿ ಅಟೆಂಡರನ್ನು ಹಾಕಲು ಹೋದರೆ ಯಂತ್ರವೇ ಒಪ್ಪಬಾರದು. ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಮುಗಿಯುವ ತಾರೀಕು ಹತ್ತಿರ ಬಂದಾಗ ನೆನಪಿಸಬೇಕು. ಡಾಕ್ಟರು ಫೋನಿನಲ್ಲಿ ಡೋಸ್ ಬದಲಿಸಿದರೆ ಯಾರು ಹೇಳಿದರು, ಯಾರು ಕೇಳಿಸಿಕೊಂಡರು, ಎಷ್ಟು ಹೊತ್ತಿಗೆ ಎಂದು ಬರೆಯುವ ಜಾಗ ಇರಬೇಕು, ಚೀಟಿಯ ಫೋಟೋ ಅಲ್ಲೇ ಅಂಟಬೇಕು. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಡಾಕ್ಟರು ದೂರದಿಂದ ಔಷಧಿ ಬರೆಯುವುದಕ್ಕೆ ನಿಯಮಗಳಾಗಿವೆ. "ಡಾಕ್ಟರ್ ಹೇಳಿದ್ರು" ಎಂಬ ಬರೀ ಮಾತು ನಾಳೆ ನಿನ್ನನ್ನು ಕಾಯುವುದಿಲ್ಲ.

ಇನ್ನು ಅಮ್ಮನ ನೋಟ್‌ಬುಕ್ಕಿನ ಮಾತು. ಅಮ್ಮ ಹಾಸಿಗೆ ಹಿಡಿದಿದ್ದಾಗ ಮಂಚದ ತಲೆದೆಸೆಯಲ್ಲಿ ಇಡುತ್ತಿದ್ದೆವಲ್ಲ, ಆ ಉದ್ದ ನೋಟ್‌ಬುಕ್ಕು ನನ್ನ ಬೀರುವಿನಲ್ಲಿದೆ. ನಿನ್ನ ಕೈಬರಹದಲ್ಲಿ ಇಂಟೇಕ್, ಔಟ್‌ಪುಟ್, ಟೆಂಪರೇಚರ್, ಎಲ್ಲ ನೇರ ಗೆರೆ. ರಾತ್ರಿಗೆ ಬರುತ್ತಿದ್ದ ರಾಯಚೂರಿನ ಹುಡುಗಿ ಅಂಕಣಗಳನ್ನು ಲೆಕ್ಕಿಸದೆ ಅಡ್ಡಕ್ಕೆ ಕನ್ನಡದಲ್ಲಿ ಬರೆದಿದ್ದಾಳೆ. ಎರಡು ಗಂಟೆಗೆ ನೀರು ಕೇಳಿದರು, ಎರಡು ಚಮಚ ಕುಡಿದರು. ಅಕ್ಕಾ ಎಂದು ಯಾರನ್ನೋ ಕರೆದರು. ಎಡಗೈ ಹಿಡಿದುಕೊಂಡರೆ ನಿದ್ದೆ ಮಾಡುತ್ತಾರೆ, ಬಲಗೈ ಮುಟ್ಟಿದರೆ ಬೇಡ ಅನ್ನುತ್ತಾರೆ. ಆ ಕೊನೆಯ ಸಾಲು ಓದಿದ ಮೇಲೆ ತಾನೇ ನೀನು ಬಲಗೈ ಸೂಜಿಯ ಜಾಗ ನೋಡಿದ್ದು, ಅದು ಊದಿಕೊಂಡಿದ್ದು ಗೊತ್ತಾದದ್ದು? ಡ್ರಾಪ್‌ಡೌನ್ ಪಟ್ಟಿಯಲ್ಲಿ "ನೋವು: ಇದೆ / ಇಲ್ಲ" ಎಂದು ಒತ್ತುವ ಆ್ಯಪಿನಲ್ಲಿ ಆ ಹುಡುಗಿ "ಇಲ್ಲ" ಒತ್ತಿರುತ್ತಿದ್ದಳು. ಅಮ್ಮ ನೋವು ಅಂತ ಯಾವತ್ತು ಬಾಯಿಬಿಟ್ಟು ಹೇಳಿದ್ದರು!

ಹಾಗಾಗಿ ಪ್ರತಿ ಪಾಳಿಯ ಕೊನೆಗೆ ಒಂದು ಖಾಲಿ ಜಾಗ ಬೇಕು, ಅವರವರ ಭಾಷೆಯಲ್ಲಿ. ಬರೆಯಲು ಬಾರದವರು ಮಾತಾಡಿ ಧ್ವನಿ ಉಳಿಸುವಂತಿರಲಿ. ಸಿಸ್ಟರುಗಳು ಚಾರ್ಟನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಅಟೆಂಡರುಗಳಿಗೆ ಹಿಂದಿಯೋ ಒಡಿಯಾವೋ ಬರುತ್ತದೆ, ಹಲಸೂರಿನ ಪಾಟ್ಟಿ ತಮಿಳಿನಲ್ಲಿ ನರಳುತ್ತಾರೆ. ಈ ಗಲಿಬಿಲಿಯ ನಡುವೆ ಆ ಖಾಲಿ ಜಾಗವೇ ನಿನ್ನ ಅತ್ಯುತ್ತಮ ಚಾರ್ಟು.

ನೆದರ್ಲೆಂಡ್ಸಿನ ಬೂರ್ಟ್‌ಜೋರ್ಗ್ ಎಂಬ ಸಂಸ್ಥೆಯ ಕಥೆ ನಿನಗೆ ಇಷ್ಟವಾಗುತ್ತದೆ. 2006ರಲ್ಲಿ ಯೋಸ್ ದ ಬ್ಲಾಕ್ ಎಂಬಾತ ಶುರುಮಾಡಿದ್ದು. ಆತನೂ ನರ್ಸೇ. ಒಂದು ಬಡಾವಣೆಗೆ ಹೆಚ್ಚೆಂದರೆ 12 ಜನ ನರ್ಸುಗಳ ತಂಡ, ಮೇಲೆ ಮ್ಯಾನೇಜರಿಲ್ಲ, ರೋಸ್ಟರು ತಾವೇ ಹಾಕಿಕೊಳ್ಳುತ್ತಾರೆ. ಸಾಫ್ಟ್‌ವೇರನ್ನೂ ನರ್ಸುಗಳ ಕೆಲಸಕ್ಕೆ ತಕ್ಕಂತೆ ಮಾಡಿಸಿಕೊಂಡರು. ಅವರು ಬಳಸಿದ ಒಮಾಹಾ ಸಿಸ್ಟಂ ಎಂಬ ಪಟ್ಟಿ ಅಮೆರಿಕದ ಒಮಾಹಾದ ಮನೆಭೇಟಿ ನರ್ಸುಗಳ ಸಂಸ್ಥೆಯಲ್ಲಿ 1970ರ ದಶಕದಿಂದ ರೂಪುಗೊಂಡದ್ದು. ಒಟ್ಟು 42 ಸಮಸ್ಯೆಗಳು, ನಾಲ್ಕು ಗುಂಪು. ಉಸಿರಾಟ, ಚರ್ಮ, ಮೂತ್ರದ ಜೊತೆಗೆ ವರಮಾನ, ಮನೆಯ ಸ್ಥಿತಿ, ಆರೈಕೆ ಮಾಡುವವರ ಪಾಡು, ದುಃಖ ಇವೂ ಅದರಲ್ಲಿ ಸಮಸ್ಯೆಗಳೇ. ಯಾರು ಬೇಕಾದರೂ ಬಳಸಬಹುದು, ದುಡ್ಡು ಕೊಡಬೇಕಿಲ್ಲ. ನಿನ್ನ ಮೊದಲ ಭೇಟಿಯ ಫಾರಂ ಮಾಡುವಾಗ ಅದನ್ನು ಮುಂದಿಟ್ಟುಕೋ.

ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನಲ್ಲಿ ಈ ಕೆಲಸ ಹೊಸದಲ್ಲ. ನೈಟಿಂಗೇಲ್ಸ್ ಮನೆ ಆರೈಕೆ 1996ರಷ್ಟು ಹಳೆಯದು. ಅದೇ ಹೆಸರಿನ ಟ್ರಸ್ಟಿನ ಅಲ್ಜೈಮರ್ಸ್ ಕೇಂದ್ರ ನಿನ್ನ ಪಕ್ಕದ ಕಸ್ತೂರಿನಗರದಲ್ಲೇ ಇದೆ. ಕರುಣಾಶ್ರಯದವರು ವರ್ತೂರು ರಸ್ತೆಯಲ್ಲಿ ಹಾಸ್ಪಿಸ್ ಕಟ್ಟಡ ತೆರೆಯುವ ಮೊದಲೇ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗುತ್ತಿದ್ದರು, ಅದೂ ಉಚಿತವಾಗಿ. ಇಂದಿರಾನಗರದ ರೋಟರಿಯವರೂ ಕರುಣಾಶ್ರಯದ ಟ್ರಸ್ಟ್ ಹುಟ್ಟುಹಾಕಿದವರಲ್ಲಿ ಸೇರಿದ್ದಾರೆ. ಒಂದು ದಿನ ಹೋಗಿ ಅವರ ಮನೆಭೇಟಿಯ ಫಾರಂ ಹೇಗಿದೆ ಎಂದು ಕೇಳು. ಸೇವೆಯ ಜನ, ಇಲ್ಲ ಅನ್ನಲಾರರು.

ಬಿಟ್ಟಿ ಸಾಫ್ಟ್‌ವೇರ್ ಇದೆಯಂತಲ್ಲ ಎಂದು ನಿನ್ನ ಮಗ ಕೇಳಿದನಂತೆ. ಇದೆ. ಬಾಹ್ಮ್‌ನಿ ಎಂಬುದು ಛತ್ತೀಸ್‌ಗಢದ ಗನಿಯಾರಿಯ ಆಸ್ಪತ್ರೆಗಾಗಿ ಥಾಟ್‌ವರ್ಕ್ಸ್‌ನವರು ಕಟ್ಟಿದ್ದು. ಅದು ಆಸ್ಪತ್ರೆಯ ಒಳಗಿನ ಕೆಲಸಕ್ಕೆ ಹೆಚ್ಚು ಸರಿ. ಅವ್ನಿ ಎಂಬ ಇನ್ನೊಂದು ಇದೆ, ಊರೂರು ತಿರುಗುವ ಕಾರ್ಯಕರ್ತರಿಗಾಗಿ ಮಾಡಿದ್ದು, ನೆಟ್ ಇಲ್ಲದೆಯೂ ನಡೆಯುತ್ತದೆ, ಭಾರತೀಯ ಭಾಷೆಗಳಲ್ಲಿ ಫಾರಂ ಮಾಡಿಕೊಳ್ಳಬಹುದು. ಆದರೆ ಉಚಿತವೆಂದರೆ ಕೋಡ್ ಮಾತ್ರ. ಸರ್ವರ್ ಬಾಡಿಗೆ, ಭಾನುವಾರ ರಾತ್ರಿ ಕೆಟ್ಟು ನಿಂತರೆ ಎದ್ದು ಬಂದು ಸರಿಮಾಡುವವನ ಸಂಬಳ ಉಚಿತವಲ್ಲ. ನಿನ್ನ ಮಗ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ನಿನ್ನ ಜೊತೆ ಇರುತ್ತಾನೆಂದರೆ ಅವ್ನಿ ಪ್ರಯತ್ನಿಸು. ಪರೀಕ್ಷೆ ಮುಗಿದ ಮಾರನೇ ದಿನ ಹೈದರಾಬಾದಿಗೆ ಓಡುವವನಾದರೆ ಬೇಡ.

ಈಗ ನೀನು ನಡೆಸುತ್ತಿರುವ ವಾಟ್ಸಾಪ್ ಗ್ರೂಪಿಗೆ ಬರುತ್ತೇನೆ. ಅದರಲ್ಲಿ ಬೆಡ್‌ಸೋರಿನ ಫೋಟೋಗಳಿವೆ. ಪ್ರತಿಯೊಂದೂ ಗ್ರೂಪಿನ ಎಲ್ಲರ ಗ್ಯಾಲರಿಗೆ ಇಳಿದಿರುತ್ತದೆ. ಕೆಲಸ ಬಿಟ್ಟು ಹೋದವರ ಫೋನಿನಲ್ಲೂ ಯಾರದೋ ತಾಯಿಯ ಬೆನ್ನು ಕೂತಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಯಿತು, ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಹಂತಹಂತವಾಗಿ ಜಾರಿಗೆ ಬರುತ್ತವೆ. ಭದ್ರತೆಯ ಲೋಪಕ್ಕೆ ದಂಡ 250 ಕೋಟಿಯವರೆಗೆ ಹೋಗಬಹುದು. ಮಾಹಿತಿಗೆ ಹೊಣೆ ನೀನೇ, ಸಾಫ್ಟ್‌ವೇರ್ ಕಂಪನಿ ನಿನ್ನ ಪರವಾಗಿ ಇಟ್ಟುಕೊಂಡಿರುವವರಷ್ಟೇ. ಒಪ್ಪಿಗೆಯ ಚೀಟಿಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲೋ ಓದುವ ಆಯ್ಕೆ ಜನರಿಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ನಿನ್ನ ಒಪ್ಪಿಗೆ ಪತ್ರ ಕನ್ನಡದಲ್ಲೂ ತಮಿಳಿನಲ್ಲೂ ಇರಲಿ. ಹೊಸ ಸಾಫ್ಟ್‌ವೇರಿನಲ್ಲಿ ತೆಗೆದ ಗಾಯದ ಫೋಟೋ ಫೋನಿನ ಗ್ಯಾಲರಿಯಲ್ಲಿ ಉಳಿಯಬಾರದು. ಡೆಮೋದಲ್ಲಿ ಒಂದು ಫೋಟೋ ತೆಗೆಸಿ, ಗ್ಯಾಲರಿ ತೆರೆದು ನೋಡು.

ಮನೆಯವರಿಗೆ ಎಲ್ಲವನ್ನೂ ಆ ಕ್ಷಣವೇ ತೋರಿಸುವ ಫ್ಯಾಮಿಲಿ ಆ್ಯಪ್ ಬಗ್ಗೆ ನೀನು ಉತ್ಸಾಹ ತೋರಿಸಿದ್ದೀಯ. ನನಗೆ ಒಪ್ಪಿಗೆ ಇಲ್ಲ ಕಣೇ. ಎಚ್‌ಎಎಲ್, ಐಟಿಐ, ಎನ್‌ಜಿಇಎಫ್ ಎಂದು ದುಡಿದು ನಿವೃತ್ತರಾದ ಅಪ್ಪಂದಿರು ಇಲ್ಲಿ, ಮಕ್ಕಳು ಅಲ್ಲಿ. ಬಿಪಿ 150 ಅಂತ ಕಂಡ ಕೂಡಲೇ ಟೆಕ್ಸಾಸಿನಿಂದ ಫೋನು. ಸಿಸ್ಟರ್ ಪೇಷಂಟನ್ನು ನೋಡುವುದೋ ಫೋನು ಎತ್ತುವುದೋ? ದಿನಕ್ಕೊಂದು ಸಲ, ಹಿರಿಯ ಸಿಸ್ಟರ್ ಓದಿ ನೋಡಿದ ನಾಲ್ಕು ಸಾಲು ಹೋಗಲಿ. ತುರ್ತಿಗೆ ನೀನೇ ಫೋನು ಮಾಡುತ್ತೀಯ.

"ಎಬಿಡಿಎಂ ಕಂಪ್ಲೈಂಟ್" ಎಂದು, ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ದಾಖಲೆಯ ಯೋಜನೆಗೆ ಹೊಂದುತ್ತದೆ ಎಂದು, ಮೂವರೂ ಬರೆದಿದ್ದಾರೆ. ಯಾವ ಮೈಲಿಗಲ್ಲು ಎಂದು ಕೇಳು. ಎಂ1 ಎಂದರೆ 14 ಅಂಕಿಯ ಆಭಾ ಎಂಬ ಆರೋಗ್ಯ ಸಂಖ್ಯೆ ಮಾಡುವುದು, ಪರಿಶೀಲಿಸುವುದು, ಅಷ್ಟೇ. ದಾಖಲೆ ಹಂಚಲು ಎಂ2, ಬೇರೆಡೆಯ ದಾಖಲೆ ನೋಡಲು ಎಂ3. ತಡವರಿಸಿದರೆ ಎಂ1 ಎಂದು ತಿಳಿದುಕೋ.

ಕೊನೆಯದು, ನನ್ನ ಹೊಟ್ಟೆ ಉರಿಸಿದ ವಿಷಯ. ನಾನಿದ್ದ ಆಸ್ಪತ್ರೆ ಒಮ್ಮೆ ಸಾಫ್ಟ್‌ವೇರ್ ಬದಲಿಸಿತು. ಹಳೆಯ ಕಂಪನಿಯವರು ಮಾಹಿತಿಯನ್ನು ತಮಗೆ ಮಾತ್ರ ಅರ್ಥವಾಗುವ ರೂಪದಲ್ಲಿ ಕೊಟ್ಟು ಕೈತೊಳೆದುಕೊಂಡರು. ವರ್ಷಗಟ್ಟಲೆ ಕೂತು ತುಂಬಿದ ದಾಖಲೆ ಮೂಲೆಯ ಒಂದು ಕಂಪ್ಯೂಟರಿನಲ್ಲಿ ಸತ್ತುಬಿತ್ತು. ಆಮೇಲೆ ರೋಗಿಗಳು ಬಂದು ಕೇಳಿದಾಗ ನನ್ನ ಕೈಗೆ ಸಿಕ್ಕಿದ್ದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದ ಕಾಗದದ ಫೈಲುಗಳೇ. ನೀನು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಪ್ರತಿ ಪೇಷಂಟಿನ ಪೂರ್ತಿ ದಾಖಲೆ ಪಿಡಿಎಫ್‌ನಲ್ಲಿ, ಎಲ್ಲ ಅಂಕಿಗಳೂ ಎಕ್ಸೆಲ್‌ನಲ್ಲಿ, ಕೇಳಿದಾಗ ಕೇಳಿದಷ್ಟು ಸಲ, ದುಡ್ಡಿಲ್ಲದೆ ಎಂದು ಬರೆಸಿಕೋ. ಬರೆಸಿಕೊಂಡರೆ ಸಾಲದು, ಡೆಮೋದಲ್ಲೇ ಒಂದನ್ನು ತೆಗೆಸಿ ನೋಡು. ತಲೆಗೆ ಇಷ್ಟು ಎಂಬ ಬೆಲೆಯೂ ಬೇಡ. ತಿಂಗಳಿಗೆ ನಾಲ್ಕು ಜನ ಬಂದು ನಾಲ್ಕು ಜನ ಹೋಗುವ ಕಸುಬಿನಲ್ಲಿ ಬಿಟ್ಟುಹೋದವರ ಹೆಸರಿಗೂ ಬಾಡಿಗೆ ಕಟ್ಟುತ್ತಿರುತ್ತೀಯ. ನಡೆಯುತ್ತಿರುವ ಪೇಷಂಟುಗಳ ಲೆಕ್ಕದಲ್ಲಿ ಮಾತಾಡು.

ನನ್ನ ಲೆಕ್ಕದಲ್ಲಿ ಎರಡನೆಯ ಕೊಟೇಶನ್ ಪರವಾಗಿಲ್ಲ, ಆಫ್‌ಲೈನ್ ನಿಜವಾಗಿ ನಡೆದರೆ ಮಾತ್ರ. ವರ್ಷದ ಒಪ್ಪಂದ ಬೇಡ, ಮೂರು ತಿಂಗಳಿಗೆ ಹಾಕು. ಆ ಮೂರು ತಿಂಗಳೂ ಮಂಚದ ಪಕ್ಕದ ನೋಟ್‌ಬುಕ್ ತೆಗೆಯಬೇಡ. ಡೆಮೋಗೆ ನೀನೂ ನಿನ್ನ ಮ್ಯಾನೇಜರೂ ಕೂತು ತಲೆಯಾಡಿಸಿ ಕಳಿಸಬೇಡಿ. ರಾತ್ರಿ ಪಾಳಿಯ ಇಬ್ಬರು ಸಿಸ್ಟರನ್ನೂ ಒಬ್ಬ ಅಟೆಂಡರನ್ನೂ ಮುಂದಿನ ಕುರ್ಚಿಯಲ್ಲಿ ಕೂರಿಸು. ಅವರು ನಿದ್ದೆ ಬಿಟ್ಟು ಬಂದಿರುತ್ತಾರೆ, ಆ ಹೊತ್ತಿನ ಸಂಬಳ ತಪ್ಪದೆ ಕೊಡು.

ಇಂತಿ ನಿನ್ನ
ಅಕ್ಕ